ಎರಡು ಇಂಚು ಬಿಡು

"ಅಪ್ಪಾ, ಮೇಜಿನ ಮೇಲಿದ್ದ ಪೇಪರ್ ಎಲ್ಲಿ?"

"ಬಟ್ಟೆ ಜೊತೆ ಹೋಯ್ತಲ್ಲ," ಎಂದರು ಅಪ್ಪ, ಗುಂಡುಪಿನ್ನು ಕಚ್ಚಿಕೊಂಡ ಬಾಯಲ್ಲೇ.

ರೇಡಿಯೋ ಮೇಜಿನ ಕೆಳಗೂ ಬಗ್ಗಿ ನೋಡಿದಳು.

ರೇಡಿಯೋ ಅಂದರೆ ಹತ್ತು ವರ್ಷದ ಹುಡುಗಿ. ಕಿವಿಗೆ ಬಿದ್ದದ್ದೆಲ್ಲ ತಕ್ಷಣ ಬಾಯಿಂದ ಹೊರಡುತ್ತದೆ ಎಂದು ಅಕ್ಕ ಇಟ್ಟ ಹೆಸರು ಅದು. ಅಂಥವಳ ಹೊಟ್ಟೆಯಲ್ಲಿ ಮೂರು ದಿನದಿಂದ ಒಂದು ಗುಟ್ಟು ಕೂತಿತ್ತು. ಅದು ಅವಳ ಜೀವಮಾನದ ದಾಖಲೆ.

ಗುಟ್ಟು ಇಷ್ಟೆ. ಕಾಮರ್ಸ್ ಓದುತ್ತಿರುವ ಅಕ್ಕನಿಗೆ ಹಿಸ್ಟರಿ ಡಿಗ್ರಿ ಬೇಕು. ಊರಾಚೆಯ ಕಾಲೇಜಿಗೆ ಟ್ರಾನ್ಸ್‌ಫರ್ ಕೇಳಿ ಫಾರ್ಮ್ ತುಂಬಿ, ಹಿಸ್ಟರಿ ಯಾಕೆ ಬೇಕೆಂದು ಅದರ ಜೊತೆ ಎರಡು ಪುಟ ಬರೆದಿದ್ದಾಳೆ. ಅಪ್ಪನ ಸೈನ್ ಬೇಕು. ನಾಳೆ ಕೊನೆಯ ದಿನ. ಅಪ್ಪನೋ, ಟೈಲರ್ ಅಂಗಡಿಗೆ ಬಂದವರಿಗೆಲ್ಲ "ನಮ್ಮ ದೊಡ್ಡವಳು ಬ್ಯಾಂಕ್ ಆಫೀಸರ್ ಆಗ್ತಾಳೆ" ಎಂದು ಹೇಳುತ್ತಲೇ ಅಳತೆ ತೆಗೆಯುವವರು. ಅಕ್ಕನಿಗೆ ಕೇಳಲು ಬಾಯೇ ಬರುತ್ತಿರಲಿಲ್ಲ.

"ನಾನಿದೀನಲ್ಲ ಅಕ್ಕಾ, ಸೂಪರ್ ಪ್ಲಾನ್ ಇದೆ," ಎಂದಿದ್ದಳು ರೇಡಿಯೋ.

ಪ್ಲಾನ್ ಹೀಗಿತ್ತು. ಅವಳ ಸಮಾಜ ಪರೀಕ್ಷೆಯ ಪೇಪರಿಗೂ ಸೈನ್ ಬೇಕಿತ್ತು. ಇಪ್ಪತ್ತೈದಕ್ಕೆ ಆರು. ಅದರ ಕೆಳಗೆ ಅಕ್ಕನ ಫಾರ್ಮ್ ಇಟ್ಟರೆ, ಆರು ನೋಡಿದ ಸಿಟ್ಟಿನಲ್ಲಿ ಅಪ್ಪ ಎರಡಕ್ಕೂ ಗೀಚಿಬಿಡುತ್ತಾರೆ. ತನ್ನ ಕಡಿಮೆ ಮಾರ್ಕ್ಸೂ ಒಂದು ದಿನ ಉಪಯೋಗಕ್ಕೆ ಬಂತಲ್ಲ ಎಂದು ಅವಳಿಗೆ ಹೆಮ್ಮೆಯೇ ಆಗಿತ್ತು. ಎರಡನ್ನೂ ಮೇಜಿನ ಮೇಲಿದ್ದ ಒಂದು ಕೋಟಿನ ಮೇಲೆ ಇಟ್ಟು, ಧೈರ್ಯಕ್ಕೆಂದು ನೀರು ಕುಡಿಯಲು ಹೋಗಿದ್ದಳು.

ಅಪ್ಪನ ಅಂಗಡಿಗೆ ಒಂದು ಕಾನೂನಿದೆ. ಯಾವ ಬಟ್ಟೆಯ ಮೇಲೆ ಯಾವ ಚೀಟಿ ಇದೆಯೋ ಅದನ್ನು ಆ ಬಟ್ಟೆಗೇ ಪಿನ್ನು ಮಾಡಿಬಿಡಬೇಕು. ಚೀಟಿ ಕಳೆದರೆ ಒಬ್ಬರ ತೋಳು ಇನ್ನೊಬ್ಬರಿಗೆ ಹೋಗುತ್ತದೆ. ಅಂಗಡಿಯಲ್ಲೇ ಅಂಬೆಗಾಲಿಟ್ಟವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ಲಾನ್ ಮಾಡುವಾಗ ಮಾತ್ರ ನೆನಪಾಗಲಿಲ್ಲ.

"ಅದು ಯಾರ ಕೋಟು ಅಪ್ಪಾ?"

"ನಿಮ್ಮ ಸಮಾಜದ ಮಿಸ್ಸದು. ಈಗ ತಾನೇ ತಗೊಂಡು ಹೋದ್ರು. ಯಾಕೆ?"

ಇಡೀ ಊರಿನಲ್ಲಿ ಬೇರೆ ಯಾರಿಗೂ ಕೋಟೇ ಬೇಕಿರಲಿಲ್ಲವೇ! ರೇಡಿಯೋ ಕಾಲಿಗೆ ಬುದ್ಧಿ ಹೇಳಿದಳು.

ಮಿಸ್ ಮನೆಯ ಮೆಟ್ಟಿಲ ಮೇಲೇ ಕೂತಿದ್ದರು. ಮಡಿಲಲ್ಲಿ ಕೋಟು, ಕೈಯಲ್ಲಿ ಪೇಪರು.

"ಬಾಮ್ಮ. ನಾನು ಕೊಟ್ಟ ಆರು ಮಾರ್ಕ್ಸ್ ವಾಪಸ್ ಕಳಿಸಿದೀಯಲ್ಲ, ಇಷ್ಟ ಆಗ್ಲಿಲ್ವಾ?"

"ಇಷ್ಟ ಆಯ್ತು ಮಿಸ್. ಅಂದ್ರೆ... ಅದು ಹಾಗಲ್ಲ ಮಿಸ್," ಎಂದು ತೊದಲಿದ ರೇಡಿಯೋ, ಒಂದೇ ಉಸಿರಿಗೆ ಅಷ್ಟನ್ನೂ ಹೇಳಿ ಮುಗಿಸಿದಳು. ಮೂರು ದಿನದ ಗುಟ್ಟು ಮೂರು ನಿಮಿಷವೂ ಹಿಡಿಯಲಿಲ್ಲ.

ಮಿಸ್ ನಗಲಿಲ್ಲ. "ಕಾಲೇಜಿಗೆ ಅಂತ ನಿಮ್ಮಕ್ಕ ಬರೆದಿರೋ ಎರಡು ಪುಟ ಓದಿದೀಯಾ?"

"ಹಿಸ್ಟರಿ ಅಂದ್ರೆ ನಂಗೆ ನಿದ್ದೆ ಬರುತ್ತೆ ಮಿಸ್," ಎಂದವಳು ಯಾರ ಮುಂದೆ ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

"ಗೊತ್ತು. ನಿನ್ನ ಪೇಪರ್ ತಿದ್ದಿದವಳು ನಾನೇ. ಇದನ್ನ ಓದು."

ಅಕ್ಕ ಬರೆದದ್ದು ರಾಜರ ಬಗ್ಗೆ ಅಲ್ಲ. ಅಪ್ಪನ ಇಪ್ಪತ್ತೆರಡು ಅಳತೆ ಪುಸ್ತಕಗಳ ಬಗ್ಗೆ! ಪೋಸ್ಟ್‌ಮ್ಯಾನ್‌ನ ಎಡಭುಜ ಚೀಲ ಹೊತ್ತೂ ಹೊತ್ತೂ ಬಲಭುಜಕ್ಕಿಂತ ತಗ್ಗಿದ್ದು ಅದರಲ್ಲಿತ್ತು. ಊರಿನ ಕಾರ್ಖಾನೆ ಮುಚ್ಚಿದ ವರ್ಷ ಅಂಗಡಿಯ ಬೀದಿಯ ಅಷ್ಟೂ ಗಂಡಸರ ಸೊಂಟ ಒಂದೊಂದು ಇಂಚು ಇಳಿದದ್ದೂ ಇತ್ತು. "ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನನ್ನ ಅಪ್ಪ ಬರೆದಿಟ್ಟಿದ್ದಾರೆ," ಎಂದು ಅಕ್ಕ ಕೊನೆಗೆ ಬರೆದಿದ್ದಳು.

ರೇಡಿಯೋಗೆ ನಿದ್ದೆ ಬರಲಿಲ್ಲ.

"ಅಪ್ಪ ಓದದೇ ಸೈನ್ ಹಾಕ್ಲಿ ಅಂತ ಪ್ಲಾನ್ ಮಾಡಿದ್ದೆ ಮಿಸ್," ಎಂದಳು ಮೆಲ್ಲಗೆ.

"ಹೂಂ," ಎಂದು ಮಿಸ್ ಎರಡೂ ಪೇಪರನ್ನು ಅವಳ ಕೈಗಿತ್ತರು.

ಅವಳು ಅಂಗಡಿಗೆ ಓಡಿ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. 'ಆಯ್ತಾ?' ಎಂದು ಕಣ್ಣಲ್ಲೇ ಕೇಳಿದಳು. ರೇಡಿಯೋ ನೇರ ಒಳಗೆ ಹೋಗಿ ಅಕ್ಕನ ಫಾರ್ಮನ್ನು ಅಪ್ಪನ ಕೈಗೇ ಕೊಟ್ಟಳು.

"ಅಪ್ಪಾ, ಇದನ್ನ ಓದಿ. ಓದಿ ಆಮೇಲೆ ಬೈರಿ."

"ಏಯ್ ರೇಡಿಯೋ!" ಅಕ್ಕ ಹಿಂದೆಯೇ ಓಡಿ ಬಂದಳು.

ಅಪ್ಪ ಹಣೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡರು. ಮಷಿನ್ ನಿಂತಿತು. ಓದಿದರು, ಮತ್ತೆ ಮೊದಲಿನಿಂದ ಓದಿದರು. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಸೊಂಟ ಇಳಿದದ್ದು ನಂಗೂ ಗೊತ್ತಾಗಿತ್ತು," ಎಂದರು. "ಆದ್ರೆ ಅದನ್ನ ಯಾರಿಗೆ ಹೇಳೋದು? ಅದಿರಲಿ, ಅಲ್ಲಿಗೆ ಹೋದ್ರೆ ನಿಂಗೆ ಒಂದು ವರ್ಷ ಹಾಳಾಗುತ್ತಾ?"

"ಇಲ್ಲಪ್ಪ. ಎರಡು ಪೇಪರ್ ಹೊಸದಾಗಿ ಬರೀಬೇಕು, ಅಷ್ಟೆ." ಅಕ್ಕ ಮೇಜಿನ ಹತ್ತಿರ ಬಂದಳು. "ಬ್ಯಾಂಕು ಅಂತ ಎಲ್ಲರಿಗೂ ಹೇಳಿದೀರಿ..."

"ಹೇಳಿದ್ದೆ. ಇನ್ಮೇಲೆ ಬೇರೆ ಹೇಳ್ತೀನಿ," ಎಂದ ಅಪ್ಪ ಮುಖ ತಿರುಗಿಸಿ ಪೆನ್ನು ಹುಡುಕಿದರು. ಪೆನ್ನು ಅವರ ಕಿವಿಯ ಮೇಲೇ ಇತ್ತು.

ಸೈನ್ ಹಾಕಿದ ಮೇಲೆ, ರೇಡಿಯೋ ಕೈಯಲ್ಲಿ ಉಳಿದಿದ್ದ ಪೇಪರಿನ ಕೆಂಪು ಆರು ನೋಡಿ ಕೈ ಚಾಚಿದರು. "ಎಲ್ಲಿ, ಆ ಆರು ಮಾರ್ಕ್ಸಿನದೂ ಕೊಡು. ಅದನ್ನ ಓದಿಯೇ ಬೈತೀನಿ."

ಬೈಗುಳ ಸಾಕಷ್ಟು ಉದ್ದವಿತ್ತು. ಅದು ಮುಗಿದ ಮೇಲೆ ರೇಡಿಯೋ ಕಪಾಟಿನಿಂದ ಕಳೆದ ವರ್ಷದ ಅಳತೆ ಪುಸ್ತಕ ತೆಗೆದು ತನ್ನ ಪುಟ ಹುಡುಕಿದಳು. 'ಚಿಕ್ಕವಳು. ಸ್ಕೂಲ್ ಯೂನಿಫಾರ್ಮ್. ಬೆಳೆಯುವ ಮಗು, ಒಳಗೆ ಎರಡು ಇಂಚು ಬಿಡು.'

ಪಕ್ಕದ ಪುಟದಲ್ಲಿ ಅಕ್ಕ ಇದ್ದಳು. 'ದೊಡ್ಡವಳು. ಕಾಲೇಜಿನ ಮೊದಲ ದಿನಕ್ಕೆ.' ಅಕ್ಕನ ಎತ್ತರ ನಿಂತು ಮೂರು ವರ್ಷವಾಗಿತ್ತು. ಆದರೂ ಕೆಳಗೆ ಅಪ್ಪನ ಅಕ್ಷರದಲ್ಲಿ ಅದೇ ಸಾಲಿತ್ತು: 'ಬೆಳೆಯುವ ಮಗು, ಒಳಗೆ ಎರಡು ಇಂಚು ಬಿಡು.'

"ಅಕ್ಕಾ, ಇಲ್ನೋಡು..." ಎನ್ನಲು ರೇಡಿಯೋ ಬಾಯಿ ತೆರೆದಳು. ಅಕ್ಕ ಆಗಲೇ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು.

ರೇಡಿಯೋ ಬಾಯಿ ಮುಚ್ಚಿಕೊಂಡಳು. ಪುಸ್ತಕವನ್ನು ಆ ಪುಟಕ್ಕೇ ತೆರೆದು ಅಕ್ಕನ ಕೈಗೆ ಸಿಗುವಷ್ಟು ಹತ್ತಿರದಲ್ಲಿಟ್ಟು, ಸದ್ದಿಲ್ಲದೆ ಆಚೆ ಹೋದಳು.