ಮಿಂಚುಹುಲಿಯ ಎರಡು ಬಾಗಿಲು

ಬಹಳ ಹಿಂದೆ, ಬೆಟ್ಟದ ಬಿರುಕಿನೊಳಗೆ, ಸೂರ್ಯ ಇಣುಕಿಯೂ ನೋಡದಷ್ಟು ಆಳದಲ್ಲಿ, ಬಿಗಿಪುರ ಅಂತ ಒಂದು ರಾಜ್ಯವಿತ್ತು. ಕಟ್ಟುಕತೆ ಅನ್ನಬೇಡಿ. ಆ ಊರಿನ ಕೋಟೆಬಾಗಿಲಿಗೆ ಎಣ್ಣೆ ಹಚ್ಚಿದವನು ನನ್ನ ಮುತ್ತಜ್ಜ, ಅದೂ ತನ್ನ ಮೀಸೆಯ ತುದಿಯಿಂದ!

ಆ ರಾಜ್ಯದಲ್ಲೊಂದು ಪದ್ಧತಿ. ಹೊರಗಿನಿಂದ ಒಳಗೆ ಬಂದದ್ದನ್ನು ಮತ್ತೆ ಹೊರಕ್ಕೆ ಬಿಡುತ್ತಿರಲಿಲ್ಲ. ಬಳೆ ಮಾರಲು ಬಂದವನು ಅಲ್ಲೇ ಅಳಿಯನಾದ. ದಾರಿ ತಪ್ಪಿ ಬಂದ ಎಮ್ಮೆ ಅರಮನೆಯ ಎಮ್ಮೆಯಾಯಿತು. ಅರಸನ ಹೆಸರೇ ಬಿಗಿಮುಷ್ಟಿರಾಯ.

ಕಾಡಿಗೆಗಪ್ಪ ಎಂಬ ಮಾಯಾವಿ ಆ ಊರಿಗೆ ಶಾಪ ಕೊಟ್ಟ: ಇಲ್ಲಿ ಬೆಂಕಿ ಹೊತ್ತಬಾರದು. ಅಂದಿನಿಂದ ಒಲೆ ಇಲ್ಲ, ಹಣತೆ ಇಲ್ಲ. ಜನ ನೆನೆಸಿದ ಅಕ್ಕಿ ತಿಂದು, ಗೋಡೆ ತಡವಿಕೊಂಡು ಬದುಕಿದರು. ವೀಣೆಗೆ ತಂತಿ ಎಳೆಯುವ ಮನೆಯ ಯುವಕ ಚೆನ್ನಿಗ, "ಬೆಂಕಿ ಕೇಳಿಕೊಂಡು ಬರ್ತೀನಿ" ಎಂದು ಮಾಯಾವಿಯ ಗವಿಗೆ ಹೋದ. ಹೋದವನು ಬರಲೇ ಇಲ್ಲ. ಅವನ ಅಕ್ಕ ಕೆಂಚವ್ವ ಹುಡುಕಿಕೊಂಡು ಹೊರಟಳು.

ಗವಿಯಲ್ಲಿ ಒಂದು ಹುಲಿ ನಿಂತಿತ್ತು. ಮೈಯ ಪಟ್ಟೆಗಳೆಲ್ಲ ಮಿಂಚು.

"ಅಕ್ಕಾ, ಹೆದರಬೇಡ. ನಾನು ಚೆನ್ನಿಗ" ಎಂದಿತು ಹುಲಿ.

ಕಾಡಿಗೆಗಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಇವನು ನಿಮ್ಮೂರಲ್ಲಿ ಮೂರು ದೀಪ ಒಟ್ಟಿಗೆ ಉರಿಸಲಿ. ಆ ಬೆಳಕಿನ ಕಾವಿನಲ್ಲಿ ನೀನಿಟ್ಟ ಪಾತ್ರೆಯ ಅನ್ನ ಬೇಯಲಿ. ಬೆಂದ ಗಳಿಗೆಗೆ ಮತ್ತೆ ಮನುಷ್ಯನಾಗ್ತಾನೆ. ಆದರೆ ನಿಮ್ಮೂರಿನವರನ್ನು ನಾನು ಬಲ್ಲೆ ಹುಡುಗಿ. ಆಗದ ಮಾತು."

ಕೆಂಚವ್ವ ತಮ್ಮನ ಕಡೆ ತಿರುಗಿದಳು. "ಏನು ಮಾಡಲಿ, ಹೇಳೋ."

"ತಾಮ್ರದ ದಾರಿ ಹಾಕು. ಮರ, ಅರಗಿನ ಮೇಲೆ ನಾನು ಕಾಲೂರಲಾರೆ. ಗವಿಗೆ ಎರಡು ಬಾಗಿಲು. ಮುಂದಿನದು ನನ್ನನ್ನು ತಳ್ಳುತ್ತೆ, ಹಿಂದಿನದು ಎಳೆದುಕೊಳ್ಳುತ್ತೆ. ಒಂದರಿಂದ ಹೊರಟ ದಾರಿ ಇನ್ನೊಂದಕ್ಕೆ ಬಂದು ಮುಟ್ಟಬೇಕು. ನಡುವೆ ಕೂದಲೆಳೆಯಷ್ಟು ತುಂಡಾಗಿದ್ದರೂ ನನ್ನ ಕಾಲು ಏಳುವುದಿಲ್ಲ."

ಕೆಂಚವ್ವ ಮನೆಯ ತಾಮ್ರವನ್ನೆಲ್ಲ ಕೂಡಿಹಾಕಿ ಮಾರುಗಟ್ಟಲೆ ತಂತಿ ಎಳೆದಳು. ಮೂರು ಗಾಜಿನ ಬುರುಡೆಗಳೊಳಗೆ ಜೇಡನ ಎಳೆಯಂಥ ತಂತಿ ಕೂರಿಸಿದಳು. ಅಂಥ ಇಕ್ಕಟ್ಟಿನಲ್ಲಿ ಹುಲಿ ಮೈ ಉಜ್ಜಿಕೊಂಡು ನುಗ್ಗಬೇಕು. ಉಜ್ಜಿದಾಗ ಎಳೆ ಕಾಯುತ್ತದೆ, ಕಾದಾಗ ಬೆಳಗುತ್ತದೆ.

ಮೊದಲನೆಯ ಕಷ್ಟ ಅರಸನಿಂದಲೇ ಬಂತು. ಒಳಗೆ ಬಂದ ತಂತಿಯ ತುದಿಯನ್ನು ಅವನು ಖಜಾನೆಯ ಬೀಗಕ್ಕೆ ಬಿಗಿಸಿಬಿಟ್ಟ. ಹುಲಿ ಕದಲಲಿಲ್ಲ.

"ನಿನ್ನ ತಮ್ಮ ಸೋಮಾರಿ ಕಣಮ್ಮ" ಎಂದ ಅರಸ.

"ಪ್ರಭು, ಅವನಿಗೆ ವಾಪಸ್ ಹೋಗೋ ದಾರಿ ಬೇಕು."

"ವಾಪಸ್ಸಾ? ಬಂದ ಬೆಳಕನ್ನ ಹೊರಗೆ ಕಳಿಸೋಕೆ ನಾವೇನು ಹುಚ್ಚರಾ?"

"ಗಾಣದ ಎತ್ತು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರುತ್ತೆ, ಪ್ರಭು. ಎತ್ತೇನಾದರೂ ಸವೆಯಿತಾ? ಎಣ್ಣೆ ನಿಮ್ಮ ಕೊಡದಲ್ಲೇ ಉಳೀತಲ್ಲ? ಹಾಗೇ ಇದು. ಎಷ್ಟು ಹುಲಿ ಬಂತೋ ಅಷ್ಟೂ ಹುಲಿ ಹೋಗುತ್ತೆ. ಬೆಳಕು ಮಾತ್ರ ನಿಮ್ಮದು."

ಅರಸ ಗಡ್ಡ ಕೆರೆದುಕೊಂಡು, ಹಲ್ಲು ಕಚ್ಚಿ, ಎರಡನೆಯ ತಂತಿಯನ್ನು ಹೊರಕ್ಕೆ ಬಿಟ್ಟ. ಆ ಊರಿನೊಳಗೆ ಬಂದದ್ದು ಮತ್ತೆ ಹೊರಗೆ ಹೋದದ್ದು ಅದೇ ಮೊದಲು.

ಎರಡನೆಯ ಕಷ್ಟ ದೀಪಗಳದ್ದು. ಅರಮನೆಯ ದೀಪ, ಪೇಟೆಯ ದೀಪ, ಕೆಂಚವ್ವನ ಮನೆಯ ದೀಪ, ಮೂರನ್ನೂ ಒಂದೇ ದಾರಿಯಲ್ಲಿ ಸಾಲಾಗಿ ಪೋಣಿಸಿದ್ದರು. ಒಂದಾದ ಮೇಲೊಂದು ಮೂರು ಇಕ್ಕಟ್ಟು. ಹುಲಿಯ ನಡಿಗೆ ಕುಂದಿತು, ದೀಪಗಳು ನಿದ್ದೆಗಣ್ಣಿನ ಹಾಗೆ ಮಿಣುಕಿದವು. ಅಷ್ಟರಲ್ಲಿ ಪೇಟೆಯ ಬುರುಡೆಯ ಎಳೆ ಹರಿಯಿತು; ಮೂರೂ ಆರಿದವು. "ಪೇಟೆಯವರು ಹಾಳು ಮಾಡಿದ್ರು!" ಅಂತ ಅರಮನೆ, "ಅರಮನೆಯವರು ನುಂಗಿದ್ರು!" ಅಂತ ಪೇಟೆ. ಕೆಂಚವ್ವ ಪೇಟೆಯ ಬುರುಡೆಗೆ ಹೊಸ ಎಳೆ ಹಾಕಿದಳು. ಒಳಗೆ ಬರುವ ತಂತಿಯಿಂದ ಹೊರಗೆ ಹೋಗುವ ತಂತಿಗೆ ಒಂದೊಂದು ದೀಪಕ್ಕೂ ಬೇರೆ ಬೇರೆ ಓಣಿ ಕಟ್ಟಿದಳು. ಮೂರೂ ಝಗ್ಗನೆ ಬೆಳಗಿದವು.

ಮೂರನೆಯ ಕಷ್ಟವಾಗಿ ಕಾಡಿಗೆಗಪ್ಪನೇ ಬಂದ. ತನ್ನ ಕಬ್ಬಿಣದ ಕೋಲನ್ನು ಎರಡು ತಂತಿಗಳ ಮೇಲೆ ಅಡ್ಡ ಹಾಕಿದ. ಇಕ್ಕಟ್ಟಿಲ್ಲದ ಅಡ್ಡದಾರಿ ಸಿಕ್ಕಿದ್ದೇ ತಡ, ಹುಲಿ ದೀಪಗಳನ್ನು ಬಿಟ್ಟು ಕೋಲಿನ ಮೇಲೆ ಹುಚ್ಚೆದ್ದು ಓಡಿತು. ತಂತಿ ಕೆಂಪಾಯಿತು. ಊರು ಬೂದಿಯಾಗುತ್ತಿತ್ತು, ಆದರೆ ಗವಿಯ ಬಾಗಿಲಲ್ಲಿ ಕೆಂಚವ್ವ ಬೇಕೆಂದೇ ಒಂದು ತುಂಡು ಬಡಕಲು ತವರದ ತಂತಿ ಸೇರಿಸಿದ್ದಳು. ಅದು ಮೊದಲು ಕರಗಿ ಬಿತ್ತು, ದಾರಿ ತುಂಡಾಯಿತು, ಹುಲಿ ನಿಂತಿತು. ಅಷ್ಟರೊಳಗೆ ಕೋಲು ಹಿಡಿದವನು ಇದ್ದಲಾಗಿದ್ದ. ಬೆಂಕಿಯ ಶಾಪ ಬಿಡಿಸುವ ಮಂತ್ರವೂ ಅವನ ಜೊತೆಗೇ ಹೋಯಿತು.

ಊರೆಲ್ಲ ಕುಣಿಯಿತು. ಕೆಂಚವ್ವ ಕುಣಿಯಲಿಲ್ಲ. ಹೊಸ ತವರ ಹಾಕಿ, ದೀಪ ಹೊತ್ತಿಸಿ, ತನ್ನ ಮನೆಯ ಬುರುಡೆಯ ಮೇಲೆ ಅಕ್ಕಿಯ ಪಾತ್ರೆ ಇಟ್ಟಳು. ನೀರು ಕುದಿಯಿತು. ದೀಪದೊಳಗೆ ಹಾದುಹೋಗುವ ಹುಲಿಗೆ ಬೆರಳು ಮೂಡಿದವು. ಆಮೇಲೆ ಮುಖ. ಮುಂದಿನ ಹಲ್ಲು ಮುರಿದ, ಅವಳ ತಮ್ಮನದೇ ಮುಖ.

ಅರಸ ಬಾಗಿಲಲ್ಲಿ ನಿಂತು ಕೇಳಿದ: "ಬೆಂದ ಮೇಲೆ ದೀಪ?"

"ಆರುತ್ತೆ, ಪ್ರಭು. ಅವನು ಮನುಷ್ಯ ತಾನೆ."

ಅರಸನ ಹಿಂದೆ ನೆರೆದಿದ್ದ ಊರವರ ನಡುವಿನಿಂದ ಹೂವಿನ ಬಸಕ್ಕ ಮುಂದೆ ಬಂದಳು. ಕಂಕುಳಲ್ಲಿ ಮೊಮ್ಮಗಳು. "ಕೆಂಚವ್ವಾ, ಇದರ ಮುಖ ನಾನು ಈಗಷ್ಟೇ ನೋಡ್ದೆ ಕಣೇ. ಇನ್ನೊಂದು ದಿನ ನೋಡ್ತೀನಿ. ನಾಳೆ ಬೇಯಿಸು, ಏನಂತೆ?"

"ಹೌದೌದು, ನಾಳೆ" ಅಂದರು ಎಲ್ಲರೂ.

"ಬಸಕ್ಕಾ, ನೀನೂನಾ?" ಎಂದಳು ಕೆಂಚವ್ವ. ಬಸಕ್ಕ ಮಗುವನ್ನೇ ನೋಡುತ್ತಿದ್ದಳು.

ಅರಸನ ಬಡಗಿ ಹೊರಗೆ ಹೋಗುವ ತಂತಿಯ ಮೇಲೆ ಮರದ ಹಿಡಿಯ ತಾಮ್ರದ ಪಟ್ಟಿ ಕೂರಿಸಿ, ಅದರಡಿಯ ತಂತಿಯನ್ನು ಕತ್ತರಿಸಿದ. ಹಿಡಿ ಕೆಳಗಿದ್ದರೆ ದಾರಿ ಕೂಡುತ್ತದೆ, ಎತ್ತಿದರೆ ತುಂಡಾಗುತ್ತದೆ. ಅನ್ನ ಅರೆಬೆಂದಿತ್ತು. ಅರಸ ಹಿಡಿ ಎತ್ತಿದ. ಮೂರು ದೀಪವೂ ಆರಿದವು. ತಮ್ಮನ ಮುಖದ ಮೇಲೆ ಪಟ್ಟೆ ಮರಳಿತು. ಪಾತ್ರೆ ತಣ್ಣಗಾದ ಮೇಲೆ ಹಿಡಿ ಇಳಿಸಿದ. ಊರು ಮತ್ತೆ ಬೆಳಗಿತು.

"ಅವಳ ಪಾತ್ರೆಗೆ ಯಾರೂ ಕೈಹಾಕಕೂಡದು" ಎಂದು ಅರಸ ಡಂಗುರ ಸಾರಿಸಿದ. "ಅದು ಪಾಪ. ನಾವೇನು ಮಾಯಾವಿಗಳಲ್ಲ."

ಅಂದಿನಿಂದ ಹಿಡಿಯ ಬಳಿ ಒಬ್ಬ ಕಾವಲುಗಾರ, ಚೂಪು ಮೂಗಿನವನು. ಅನ್ನ ಬೇಯುವ ವಾಸನೆ ಬಂದೊಡನೆ ಎತ್ತುತ್ತಾನೆ. ಪಾಪ ಮಾಡದೆ ಬದುಕುವುದು ಎಷ್ಟು ಸುಲಭ ನೋಡಿ!

ಮಾಯಾವಿ ಅಳಿದ, ಕತ್ತಲೆ ಅಳಿಯಿತು, ಬಿಗಿಪುರದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನೂರ್ಕಾಲ ಸುಖವಾಗಿದ್ದರು. ಕೆಂಚವ್ವ ಮಾತ್ರ ದಿನವೂ ಅಕ್ಕಿ ತೊಳೆದು ಇಡುತ್ತಾಳೆ. ನೀರು ಕುದಿಯುವಾಗ ದೀಪದೊಳಗಿಂದ ದನಿ ಬರುತ್ತದೆ: "ಅಕ್ಕಾ, ಬೆಂತಾ?"

"ಇನ್ನೊಂಚೂರು ಕಣೋ" ಎನ್ನುತ್ತಾಳೆ ಅವಳು.