ಗೇಣುದ್ದದ ಗಂಧದ ಕೊಂಬೆ

೨೦೨೧ರ ಫೆಬ್ರವರಿ ೧೬, ಬೆಳಿಗ್ಗೆ ೮.೧೦. ಬ್ಯಾಲಿನ್‌ಕೊಲಿಗ್‌ನ ಗಾರ್ಡ, ಅಂದರೆ ಐರಿಶ್ ಪೊಲೀಸ್, ಠಾಣೆಗೆ ದೂರು ಬಂತು: ಊರಾಚೆಯ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಶ್ರೀಗಂಧದ ಕೊಂಬೆ ಕಳವು. ಲಾಕ್‌ಡೌನಿನಲ್ಲಿ ಕಳ್ಳರೂ ಮನೆ ಹಿಡಿದು ಕೂತಿದ್ದ ಕಾಲ. ಸಾರ್ಜೆಂಟ್ ಕೀನ್ ಹುರುಪಿನಿಂದಲೇ ಎದ್ದ. ಜೊತೆಗೆ ಹೊರಟ ಕಾನ್ಸ್‌ಟೇಬಲ್ ರುಮಾನಾ ಮೈಸೂರಿನವಳು.

ಹವಾಯಿ ದ್ವೀಪದ ಬೆಟ್ಟದ ಕಾಡಿನ ಮರವದು. ಇಲ್ಲಿನ ಚಳಿಗೆ ಹೀಟರ್ ಹಾಕಿ ಸಾಕಿದ್ದರು.

"ಇನ್ನೂ ಎಳೆ ಮರ. ಚೇಗು ಕಟ್ಟಿಲ್ಲ, ಚೂರೂ ಪರಿಮಳವಿಲ್ಲ. ಯಾಕಾದರೂ ಕದ್ದರೋ!" ಎಂದು ಮೇಲ್ವಿಚಾರಕಿ ಅಲವತ್ತುಕೊಂಡಳು.

ಕಡಿದ ಜಾಗದ ಪಕ್ಕ ಕೆಂಪು ಕಲೆ.

"ರಕ್ತವೇ?" ಎಂದ ಕೀನ್.

"ಕುಂಕುಮ ಸರ್. ಕೈಮುಗಿದು ಕಡಿದಿದ್ದಾರೆ."

ಹೋಗಿದ್ದು ಬರೀ ಗೇಣುದ್ದ. ಮಾರುವವನು ಅಷ್ಟಕ್ಕೇ ಬಿಡುತ್ತಾನೆಯೇ? ಚಿತೆಗೆ ಒಂದು ಚೂರು ಗಂಧದ ಕೊರಡು ಇಡುವುದನ್ನು ರುಮಾನಾ ತನ್ನ ಬೀದಿಯಲ್ಲೇ ಕಂಡಿದ್ದಳು. ರಿಜಿಸ್ಟರ್ ತೆರೆಸಿದಳು. ಹಿಂದಿನ ದಿನ ಬಂದವನು ಒಬ್ಬನೇ, ಹೀಟರ್ ಮೆಕ್ಯಾನಿಕ್ ಸತ್ಯಪ್ರಕಾಶ್. ಹೀಟರ್ ಕೆಟ್ಟೇ ಇರಲಿಲ್ಲ. ಫೋನಿನಲ್ಲಿ ಕಾರ್ಕ್‌ನ ಮರಣ ವಾರ್ತೆಗಳನ್ನು ನೋಡಿದಳು: ಶಾಂತಾ, ಮೈಸೂರು ಕಡೆಯವರು, ಸತ್ಯಪ್ರಕಾಶ್ ಅವರ ಪತ್ನಿ, ಕೋವಿಡ್. ದಹನ ಇವತ್ತೇ, ರಿಂಗಾಸ್ಕಿಡಿಯ ಚಿತಾಗಾರದಲ್ಲಿ, ಹನ್ನೊಂದಕ್ಕೆ.

"ಅದಕ್ಕೆ ಮುಂಚೆ ಹಿಡಿದರೆ ಮಾಲು ಸಿಗುತ್ತೆ," ಎಂದ ಕೀನ್.

"ಹೆಂಡ್ತೀನ ಕಳಿಸ್ಕೊಡಲಿ ಬಿಡಿ ಸರ್."

ಕೀನ್ ತನ್ನ ತಾಯಿಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದವನು. ಕಾರಿನ ಕೀಲಿಯನ್ನು ಅವಳ ಕೈಗಿಟ್ಟ. "ಗ್ರ್ಯಾಂಡ್, ಹಾಗೇ ಆಗಲಿ. ನಿಧಾನವಾಗೇ ಓಡಿಸು," ಎಂದ.

೧೧.೪೦. ಚಿತಾಗಾರದಿಂದ ಸತ್ಯಪ್ರಕಾಶ್ ಹೊರಬಂದ. ರುಮಾನಾ ಕನ್ನಡದಲ್ಲೇ ಕೇಳಿದಳು.

"ಕೊಂಬೆ ಎಲ್ಲಿ ಸರ್?"

"ಪೆಟ್ಟಿಗೆ ಮೇಲಿಟ್ಟೆ. ಅವಳ ಜೊತೆ ಹೋಯ್ತು."

"ಕೇಳಿದ್ರೆ ಕೊಡ್ತಿದ್ರೇನೋ."

"ಇಲ್ಲ ಅಂದ್ಬಿಟ್ಟಿದ್ರೆ? ಪೆಟ್ಟಿಗೆ ಸೀಲ್ ಮಾಡಿದ್ರು ಮೇಡಂ, ಮುಖಾನೂ ನೋಡಕ್ಕಾಗ್ಲಿಲ್ಲ. ಒಂದು ಚೂರು ಗಂಧನಾದ್ರೂ ಇರ್ಲಿ ಅಂತ..."

ಜೇಬಿನಿಂದ ಉಳಿದ ಚಕ್ಕೆಯನ್ನು ತೆಗೆದು ಚಾಚಿದ.

"ಕೋವಿಡ್ ಬಂದಾಗ್ಲಿಂದ ನಂಗೆ ವಾಸನೇನೇ ತಿಳಿಯಲ್ಲ. ನೀವು ನೋಡಿ. ಘಮ ಐತಲ್ವಾ?"

ರುಮಾನಾ ಮಾಸ್ಕ್ ಸರಿಸಿ ಮೂಸಿದಳು. ಬರೀ ಹಸಿ ಕಟ್ಟಿಗೆ.

"ಐತೆ ಸರ್. ಚೆನ್ನಾಗೈತೆ."

ಅವನು ಆಗ ಅತ್ತ.

೧೧.೫೫ಕ್ಕೆ ಬಂಧನ. ಕಳವಿನ ಕಾರಣ ಎಂಬ ಜಾಗದಲ್ಲಿ ರುಮಾನಾ 'ಹೆಂಡತಿಯ ಅಂತ್ಯಸಂಸ್ಕಾರ' ಎಂದು ಬರೆದಳು. ಸಾಕ್ಷ್ಯದ ಚೀಲದ ಮೇಲೆ: ಶ್ರೀಗಂಧದ ಚಕ್ಕೆ, ಒಂದು. ವಾಸನೆಯ ಬಗ್ಗೆ ಏನೂ ಬರೆಯಲಿಲ್ಲ.