ಬಾಯಿ ಬಿಡದ ಗಿಟಾರ್

"ಹೆದರ್ಬೇಡ, ಜೋರಾಗಿ ಬಾರಿಸು. ತಂತಿ ಏನೂ ಕಚ್ಚಲ್ಲ," ಎಂದಳು ಗಿಟಾರ್ ಮಾರುತ್ತಿದ್ದ ನರ್ಸ್ ಅಕ್ಕ.

ಗುಬ್ಬಿ ಅವಳ ರೂಮಿನ ಮಂಚದ ತುದಿಯಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಕೆಂಪು ಗಿಟಾರ್. ಅದರ ಅಂಚಿನಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಗಿಟಾರಿನಿಂದ ಹೊರಟ ವೈರು ನೆಲದ ಮೇಲೆ ಸುತ್ತಿಕೊಂಡು, ಮೂಲೆಯಲ್ಲಿದ್ದ ಕರಿ ಪೆಟ್ಟಿಗೆಯೊಳಗೆ ಹೋಗಿತ್ತು.

ಗುಬ್ಬಿ ತಂತಿಗಳ ಮೇಲೆ ಕೈ ಎಳೆದಳು. ಪೆಟ್ಟಿಗೆ ಗರ್ಜಿಸಿತು. ಕಿಟಕಿಯ ಗಾಜು ನಡುಗಿತು. ಅವಳ ಎದೆಯೂ.

"ಹೇಗಿದೆ?"

"ಸೂಪರ್ ಅಕ್ಕಾ!"

ಅಪ್ಪ ಹೊರಗೆ ಮೆಟ್ಟಿಲ ಬಳಿ ಫೋನಿನಲ್ಲಿದ್ದ. ಅವನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಭಾನುವಾರವೂ ಟೈಲರುಗಳು ಅವನನ್ನು ಬಿಡುತ್ತಿರಲಿಲ್ಲ. "ಸೂಜಿ ಮುರೀತಿದೆಯಾ? ಮೊದ್ಲು ದಾರ ಸರಿಯಾಗಿ ಹಾಕಿದೀರಾ ನೋಡಿ ಮಾರಾಯ್ರೆ," ಎನ್ನುವುದು ಒಳಗೆ ಕೇಳುತ್ತಿತ್ತು.

ನರ್ಸ್ ಅಕ್ಕ ವೈರು ಕಿತ್ತು ಗಿಟಾರನ್ನು ಚೀಲಕ್ಕೆ ಹಾಕಿದಳು. "ನೋಡು ಪುಟ್ಟಿ, ಆ ಪೆಟ್ಟಿಗೆಗೆ ಆಂಪ್ ಅಂತಾರೆ. ಅದೂ ವೈರೂ ನನ್ನ ರೂಮ್‌ಮೇಟ್‌ದು, ಕೊಡಕ್ಕಾಗಲ್ಲ. ಆಂಪ್ ಇಲ್ದೆ ಈ ಗಿಟಾರ್ ಬಾಯೇ ಬಿಡಲ್ಲ. ನಿಮ್ಮಪ್ಪಂಗೆ ಹೇಳ್ಬಿಡು, ಆಯ್ತಾ?" ಎಂದು ಡ್ಯೂಟಿಯ ಬೂಟು ಹುಡುಕಲು ಮಂಚದ ಕೆಳಗೆ ಬಗ್ಗಿದಳು.

ಗುಬ್ಬಿಗೆ ಆಂಪ್ ಗೊತ್ತಿತ್ತು. ಸ್ಕೂಲಿನ ಬ್ಯಾಂಡ್ ರೂಮಿನಲ್ಲಿ ವೈರಿನ ಸಮೇತ ಒಂದು ಇತ್ತು. ಅಲ್ಲಿ ಇಲ್ಲದ್ದು ಗಿಟಾರ್. ಸ್ವಂತ ಗಿಟಾರ್ ತಂದವರಿಗೆ ಬ್ಯಾಂಡಿನಲ್ಲಿ ಜಾಗ ಎಂದು ಮ್ಯೂಸಿಕ್ ಸರ್ ಹೇಳಿದ್ದರು. ಆದರೆ ಬರುವಾಗ ಸ್ಕೂಟರಿನಲ್ಲಿ ಅಪ್ಪ ಇನ್ನೊಂದು ಮಾತು ಹೇಳಿದ್ದ: "ಗಿಟಾರ್ ಅಂದ್ರೆ ಗಿಟಾರ್ ಒಂದೇ. ಅದರ ಬಾಲ ಹಿಡ್ಕೊಂಡು ಇನ್ನೊಂದು ಸಾಮಾನು ಬರೋ ಹಾಗಿದ್ರೆ ಬೇಡವೇ ಬೇಡ."

ಅಪ್ಪ ಒಳಗೆ ಬಂದ. "ಅಬ್ಬಾ, ಮೆಟ್ಟಿಲವರೆಗೂ ಕೇಳಿಸ್ತು ಕಣೇ!"

"ಎಲ್ಲಾ ಹೇಳಿದ್ಯಾ ಅಪ್ಪಂಗೆ?" ಬೂಟಿನ ಲೇಸು ಕಟ್ಟುತ್ತಲೇ ನರ್ಸ್ ಅಕ್ಕ ಕೇಳಿದಳು.

"ಹೇಳ್ತೀನಿ ಅಕ್ಕಾ."

"ಏನದು?" ಎಂದ ಅಪ್ಪ, ದುಡ್ಡು ಕೊಟ್ಟು ಮೆಟ್ಟಿಲಿಳಿಯುವಾಗ.

"ಹೇಗೆ ಒರೆಸ್ಬೇಕು, ಎಲ್ಲಿಡ್ಬೇಕು ಅಂತ."

ಅಪ್ಪ ತಲೆಯಾಡಿಸಿ ಸ್ಕೂಟರಿನ ಕಿಕ್ಕರ್ ಒದ್ದ.

ಮನೆಯಲ್ಲಿ ಅಜ್ಜಿ ಪದ್ಯ ಗುನುಗುವುದನ್ನು ನಿಲ್ಲಿಸಿ ಚೀಲದ ಕಡೆ ನೋಡಿದಳು. "ಎಲ್ಲಿ, ಬಾರಿಸೇ. ನಾನೂ ಕೇಳ್ತೀನಿ."

"ನಾಳೆ ಅಜ್ಜೀ..."

"ನಾಳೆ ನಾನಿರ್ತೀನೋ ಇಲ್ವೋ. ಈಗ್ಲೇ ಬಾರಿಸು."

ಅಜ್ಜಿಗೆ ಏನೇ ಬೇಕಿದ್ದರೂ ಇದೇ ಮಾತು. ಗುಬ್ಬಿ ಬಾರಿಸಿದಳು. ಚಿಣ್, ಚಿಣ್ ಎಂದಿತು ಗಿಟಾರ್.

"ಇದೇನೇ ಇದು, ಸೊಳ್ಳೆ ಕೆಮ್ಮಿದ ಹಾಗಿದೆ!"

ಅಪ್ಪನ ಹುಬ್ಬು ಗಂಟಾಯಿತು. "ಆಗ ಅಷ್ಟು ಜೋರಾಗಿತ್ತಲ್ಲ?"

"ಸ್ಕೂಟರ್ನಲ್ಲಿ ಕುಲುಕಿ ಏನೋ ಆಗಿರ್ಬೇಕಪ್ಪಾ," ಎಂದಳು ಗುಬ್ಬಿ. ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ.

"ಬ್ಯಾಟರಿ ಇರ್ಬೇಕು ಒಳಗೆ. ಕೊಡು ನೋಡೋಣ."

ಅಪ್ಪ ಮೇಜಿನ ಮೇಲೆ ಟವೆಲ್ ಹಾಸಿ ಗಿಟಾರನ್ನು ಮಗುವಿನಂತೆ ಮಲಗಿಸಿದ. ಯಾವ ಮೆಷಿನ್ನೇ ಆಗಲಿ, ಬಿಚ್ಚುವ ಮೊದಲು ಅವನು ಅದರ ಮಾತು ಕೇಳುತ್ತಿದ್ದ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಮರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, "ಒಂದು ತಂತಿ ಮೀಟು," ಎಂದ.

ಗುಬ್ಬಿ ಮೀಟಿದಳು.

"ಒಳಗೆ ಚೆನ್ನಾಗಿದೆ! ಹೊರಗೆ ಬರ್ತಿಲ್ಲ ಅಷ್ಟೆ. ಎಲ್ಲೋ ತಡೆ ಇದೆ."

ಅವನು ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ಎತ್ತಿದ. ಬ್ಯಾಟರಿ ಇರಲಿಲ್ಲ. ಕೂದಲೆಳೆಯಂಥ ವೈರುಗಳಿದ್ದವು. ಒಂದೊಂದನ್ನೇ ಮೆಲ್ಲಗೆ ಮುಟ್ಟುತ್ತಾ ಹೋದ. ಅಷ್ಟರಲ್ಲಿ ಒಂದು ಹಳೆಯ ಬೆಸುಗೆ ಬಿಟ್ಟು, ವೈರು ಅವನ ಬೆರಳಿಗೇ ಬಂತು.

ಅಪ್ಪ ಸ್ಕ್ರೂ ಡ್ರೈವರ್ ಕೆಳಗಿಟ್ಟ.

"ನಾನು ಕೈ ಹಾಕ್ಬಾರ್ದಿತ್ತು, ಪುಟ್ಟಿ. ಗೊತ್ತಿಲ್ದಿರೋ ಮೆಷಿನ್ನು. ಕುಲುಕಿ ಕೆಟ್ಟಿತ್ತು, ನಾನು ಪೂರ್ತಿ ಹಾಳು ಮಾಡ್ಬಿಟ್ಟೆ."

ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಅಪ್ಪ ತನ್ನ ಕೈಗಳನ್ನು ಹಾಗೆ ನೋಡಿಕೊಂಡದ್ದನ್ನು ಗುಬ್ಬಿ ಎಂದೂ ಕಂಡಿರಲಿಲ್ಲ. ಈಗ ಸುಮ್ಮನಿದ್ದರೂ ಆಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಪ್ಪಾ, ಅದು ಕೆಟ್ಟೇ ಇರ್ಲಿಲ್ಲ."

"ಅಂದ್ರೆ?"

"ಅದಕ್ಕೆ ಆಂಪ್ ಬೇಕು. ಅಲ್ಲಿದ್ದ ಕರಿ ಪೆಟ್ಟಿಗೆ. ಅದನ್ನ ಕೊಡಲ್ಲ ಅಂತ ನಿಂಗೆ ಹೇಳು ಅಂದಿದ್ಲು ಅಕ್ಕ."

"ನೀನು ಹೇಳ್ಲಿಲ್ಲ."

"ಹೇಳಿದ್ರೆ ನೀನು ತಗೋತಿರ್ಲಿಲ್ಲ."

"ಹೌದು. ತಗೋತಿರ್ಲಿಲ್ಲ," ಎಂದ ಅಪ್ಪ.

"ಆನೆ ತಂದು ಅಂಕುಶ ಬಿಟ್ಟು ಬಂದ್ರಾ!" ಎಂದು ಅಜ್ಜಿ ನಕ್ಕಳು. ಜೊತೆಗೆ ಯಾರೂ ನಗಲಿಲ್ಲವಾದ್ದರಿಂದ ಅವಳೂ ನಿಲ್ಲಿಸಿದಳು.

ಗುಬ್ಬಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಅಪ್ಪ ಬೆಸುಗೆ ಕಡ್ಡಿ ಕಾಯಿಸಿ, ಉಸಿರು ಬಿಗಿಹಿಡಿದು, ವೈರನ್ನು ಅದರ ಜಾಗಕ್ಕೆ ಕೂರಿಸಿದ. ಮುಚ್ಚಳ ಹಾಕಿದ.

"ನಾಳೆ ಸ್ಕೂಲಲ್ಲಿ ಹಾಕಿ ನೋಡು. ಬ್ಯಾಂಡ್ ಅಂದ್ಮೇಲೆ ಅಲ್ಲಿ ಪೆಟ್ಟಿಗೆ ಇರ್ಬೇಕಲ್ಲ... ಅದನ್ನೂ ನೀನು ಹೇಳಿರ್ಲಿಲ್ಲ. ಇದೆಯಾ?"

"ಇದೆ ಅಪ್ಪಾ. ನಿಜವಾಗ್ಲೂ ಇದೆ."

ಮರುದಿನ ಬ್ಯಾಂಡ್ ರೂಮಿನಲ್ಲಿ ಗಿಟಾರ್ ಬಾಯಿ ಬಿಟ್ಟಿತು. ಡ್ರಮ್ಮಿನ ಹುಡುಗ ಕಿವಿ ಮುಚ್ಚಿಕೊಂಡ. ಮ್ಯೂಸಿಕ್ ಸರ್, "ಜಾಗ ನಿಂದೇ. ವಾಲ್ಯೂಮ್ ಮಾತ್ರ ಕಮ್ಮಿ ಮಾಡ್ಕೋಮ್ಮಾ," ಎಂದರು.

ಗುಬ್ಬಿ ಓಡಿ ಬಂದು ಅಪ್ಪನಿಗೆ ಸುದ್ದಿ ಹೇಳಿದಳು.

"ಬೆಸುಗೆ ಹಿಡಿದಿದೆ ಅನ್ನು," ಎಂದು ಅಪ್ಪ ನಕ್ಕ. ನಿಜವಾದ ನಗುವೇ ಅದು. ಗುಬ್ಬಿಗೆ ಹಗುರವಾಯಿತು. ಎಲ್ಲ ಮುಗಿಯಿತು ಅಂದುಕೊಂಡಳು.

ಸಂಜೆ ಅಪ್ಪ ಬಾಗಿಲಲ್ಲಿ ಇಣುಕಿದ. "ಹೋಮ್‌ವರ್ಕ್ ಆಯ್ತಾ?"

"ಆಯ್ತಪ್ಪಾ."

ದಿನವೂ ಅವನು ಇಷ್ಟಕ್ಕೇ "ಜಾಣೆ" ಎಂದು ತನ್ನ ಮೇಜಿಗೆ ಮರಳುತ್ತಿದ್ದ. ಇವತ್ತು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತ. ಕಣ್ಣು ಅವಳ ಸ್ಕೂಲ್ ಬ್ಯಾಗಿನ ಕಡೆ ಹೋಗಿ ಬಂತು.

ಗುಬ್ಬಿ ಮೊದಲು ಮುಖ ಊದಿಸಿಕೊಂಡಳು. ಹೋಮ್‌ವರ್ಕ್ ನಿಜಕ್ಕೂ ಆಗಿತ್ತು.

ಆಮೇಲೆ ಎದ್ದು, ಬ್ಯಾಗಿನಿಂದ ಲೆಕ್ಕದ ಪುಸ್ತಕ ತೆಗೆದು ಅಪ್ಪನ ಕೈಗಿಟ್ಟಳು.

ಅಪ್ಪ ಎಣ್ಣೆಯ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಪುಟ ತಿರುಗಿಸಿದ. ಒಂದೊಂದು ಲೆಕ್ಕದ ಮೇಲೂ ಬೆರಳಿಟ್ಟು ನೋಡಿದ. ಅವಸರವೇನೂ ಮಾಡಲಿಲ್ಲ. ಅವನು ಪೂರ್ತಿ ನೋಡಿ ಮುಗಿಸುವವರೆಗೆ ಗುಬ್ಬಿ ಪಕ್ಕದಲ್ಲೇ ನಿಂತಿದ್ದಳು.